ಎಡಿನ್‌ಬರೋದಲ್ಲಿ ಒಂದು ಗೂಟ

ಸ್ಕಾಟ್ಲೆಂಡಿಗೆ ಹೋಗಿ ಬಂದ ಮೇಲೆ ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಎರಡೇ ಮಾತು. ಎಡಿನ್‌ಬರೋದಲ್ಲಿ ನೋಡುವಂಥದ್ದು ಏನಿದೆ, ತಿನ್ನುವಂಥದ್ದು ಏನಿದೆ. ಬರುವ ಬೇಸಿಗೆಯಲ್ಲಿ ಹೊರಟಿರುವ ಎದುರು ಮನೆಯವರಂತೂ ಕುರ್ಚಿ ಎಳೆದುಕೊಂಡು ಕೂತೇ ಬಿಟ್ಟರು. ಕೋಟೆ ನೋಡಿರಿ, ಓಟ್ಸ್ ಗಂಜಿ ಉಣ್ಣಿರಿ ಎಂದು ಹೇಳಿ, ಚಹಾ ಕೊಟ್ಟು ಕಳಿಸಿದೆ. ಪೂರ್ತಿ ಹೇಳಬೇಕೆಂದರೆ ನಮ್ಮ ಅಕ್ಕನ ಸಂಗತಿ ಹೇಳಬೇಕಾಗುತ್ತದೆ. ಅದು ಒಂದು ಕಪ್ಪು ಚಹಾದಲ್ಲಿ ಮುಗಿಯುವಂಥದ್ದಲ್ಲ.

ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು ನಾನು. ನೋಡದ ಕೋಟೆಗಳ ಬಗ್ಗೆ, ಕಾಣದ ರಾಣಿಯರ ಬಗ್ಗೆ ಹುಡುಗರಿಗೆ ಹೇಳಿದ್ದೇ ಹೇಳಿದ್ದು. ಒಂದನ್ನಾದರೂ ಕಣ್ಣಾರೆ ನೋಡಬೇಕೆಂಬ ಚಪಲ ಹುಟ್ಟಿತು. ನಮ್ಮ ಮನೆಯವರಿಗೆ ಧಾರವಾಡದ ಚಳಿಯೇ ಆಗಿಬರುವುದಿಲ್ಲ. "ನೀ ಹೋಗಿ ಬಾ, ನಾ ಫೋಟೋದಾಗ ನೋಡತೇನಿ" ಎಂದು ಹೊದ್ದುಕೊಂಡು ಮಲಗಿದರು. ಒಬ್ಬಳೇ ಹೋಗಲು ಧೈರ್ಯ ಸಾಲದೆ ಅಮ್ಮಿನಬಾವಿಯ ಅಕ್ಕನ ಬೆನ್ನು ಹತ್ತಿದೆ.

ಅಕ್ಕನ ಹೆಸರು ಶಾಂತವ್ವ. ಹೆಸರಿಗೂ ಸ್ವಭಾವಕ್ಕೂ ಸಂಬಂಧವಿಲ್ಲ. ಭಾವ ತೀರಿಕೊಂಡ ಮೇಲೂ ಹೊಲ, ಎಮ್ಮೆ, ಆಳುಕಾಳು ಎಲ್ಲ ಅವಳ ಮಾತಿನ ಮೇಲೆಯೇ ನಡೆಯುತ್ತವೆ. ಮೈಯಲ್ಲಿ ಸಕ್ಕರೆ ಬೇನೆ ಇದೆ, ಅದೂ ಅವಳ ಮಾತು ಕೇಳುತ್ತದೆ ಎಂದು ಅವಳ ನಂಬಿಕೆ.

"ಅಲ್ಲೆ ನಂದೇನ ಕೆಲಸ ಐತಿ?" ಅಂದಳು.

"ನನ್ನ ಕಾಯೂದು."

ಸ್ವಲ್ಪ ಹೊತ್ತು ಜೋಳ ಕೇರಿದಳು. ಆಮೇಲೆ, "ನನ್ನ ಪೂಜಿಗೆ ಜಾಗಾ ಬೇಕು, ಊಟ ನಂದ ನಾ ಕಟಗೊಂಡ ಬರಾಕಿ. ಅದಕ್ಕ ಹೂಂ ಅಂದ್ರ ಬರತೇನಿ" ಎಂದಳು. ಹೂಂ ಎಂದೆ.

ದಾರಿಯಲ್ಲಿ

ನಾವಿಬ್ಬರೂ ತೊಟ್ಟಿಲಿಗೆ ಹಾಕುವ ಮೊದಲೇ ಲಿಂಗ ಕಟ್ಟಿಸಿಕೊಂಡವರು. ನನ್ನದು ಎಷ್ಟೋ ವರ್ಷಗಳಿಂದ ದೇವರ ಕೋಣೆಯ ಕಪಾಟಿನಲ್ಲಿದೆ. ಹಬ್ಬಕ್ಕೊಮ್ಮೆ ಮೈ ತೊಳೆಸಿ ಮತ್ತೆ ಒಳಗಿಡುತ್ತೇನೆ. ಅಕ್ಕನದು ಎದೆಯ ಮೇಲಿಂದ ಇಳಿದದ್ದೇ ಇಲ್ಲ. ಹೆರಿಗೆಯಲ್ಲಿ ಇಳಿದಿಲ್ಲ, ಆಪರೇಷನ್ನಿಗೆ ಮಲಗಿಸಿದಾಗ ಇಳಿದಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಅದನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡುವ ತನಕ ಅವಳು ಒಂದು ಗುಟುಕು ಚಹಾವನ್ನೂ ಕುಡಿಯುವುದಿಲ್ಲ. ಇದನ್ನು ಅವಳು ಭಕ್ತಿ ಎಂದುಕೊಂಡಂತೆಯೂ ನನಗೆ ಕಂಡಿಲ್ಲ. ಎದ್ದ ಕೂಡಲೇ ಎಮ್ಮೆ ಹಿಂಡುವ ಹಾಗೆ ಇದೂ ಒಂದು.

ನಡುದಾರಿಯಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿಯ ತಪಾಸಣೆಯ ಕಮಾನು ಅಕ್ಕನನ್ನು ನೋಡಿ ಕಿರುಚಿತು. ಲಿಂಗವಿದ್ದ ಬೆಳ್ಳಿಯ ಕರಡಿಗೆಯೇ ಕಾರಣ. ಕಾವಲಿನ ಹೆಣ್ಣುಮಗಳು ಅದನ್ನು ಬಿಚ್ಚಿ ಪ್ಲಾಸ್ಟಿಕ್ ತಟ್ಟೆಯಲ್ಲಿಡು ಎಂದು ಸನ್ನೆ ಮಾಡಿದಳು. ತಟ್ಟೆಯಲ್ಲಿ ಯಾರದೋ ಬೂಟುಗಳಿದ್ದವು.

"ಕೆರವಿನ ಜೋಡಿ ಇಡಂತಾಳೇನು ಈಕಿ?" ಅಕ್ಕ ನನ್ನನ್ನು ಕೇಳಿದಳು.

ಹಿಂದೆ ಸಾಲು ಬೆಳೆಯುತ್ತಿತ್ತು. ನನಗೆ ಬಂದ ಇಂಗ್ಲಿಷಿನಲ್ಲೆಲ್ಲ ಬೇಡಿಕೊಂಡೆ. ಕೊನೆಗೆ ಬೇರೆ ತಟ್ಟೆ ತರಿಸಿ, ಅದರ ಮೇಲೆ ಅಕ್ಕನ ಕರವಸ್ತ್ರ ಹಾಸಿ, ಕರಡಿಗೆ ಇಟ್ಟು ಯಂತ್ರದೊಳಗೆ ಕಳಿಸಿದರು. ಅದು ಆ ಕಡೆ ಹೊರಬರುವವರೆಗೆ ಅಕ್ಕ ಉಸಿರು ಬಿಟ್ಟಳೋ ಇಲ್ಲವೋ ಗೊತ್ತಿಲ್ಲ. ಬಂದ ಮೇಲೆ ಕುರ್ಚಿಯ ಮೇಲೆ ಕೂತು, ಲಿಂಗವನ್ನು ಬೆಳ್ಳಿಯಿಂದ ತೆಗೆದು ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿ, ಶಿವದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಕರಡಿಗೆ ಪೆಟ್ಟಿಗೆಯ ತಳ ಸೇರಿತು. ಇನ್ನು ಯಾವ ಯಂತ್ರವೂ ಕಿರುಚುವುದಿಲ್ಲವೆಂದು ಇಬ್ಬರಿಗೂ ಸಮಾಧಾನವಾಯಿತು.

ಕೋಟೆ

ಹೋದದ್ದು ಕಾರ್ತಿಕದಲ್ಲಿ. ಟಿಕೆಟ್ಟು ಅಗ್ಗವೆಂದು ಆ ತಿಂಗಳು ಹಿಡಿದದ್ದು, ಯಾಕೆ ಅಗ್ಗವೆಂಬುದು ಇಳಿದ ಮೇಲೆ ತಿಳಿಯಿತು. ಅಲ್ಲಿ ಸೂರ್ಯ ತಡವಾಗಿ ಬಂದು, ಮೇಲೆ ಹತ್ತದೆ, ಮಧ್ಯಾಹ್ನದ ಚಹಾದ ಹೊತ್ತಿಗೆ ಹೊರಟು ಹೋಗುತ್ತಾನೆ. ಊರೆಲ್ಲ ಕಲ್ಲಿನದು, ಕಲ್ಲೆಲ್ಲ ಹಳೆಯ ಹೊಗೆ ಕುಡಿದು ಕಪ್ಪಾಗಿದೆ. ಎರಡು ಎತ್ತರದ ಮನೆಗಳ ನಡುವೆ ಒಬ್ಬರು ಹೋದರೆ ಇನ್ನೊಬ್ಬರು ಗೋಡೆಗೆ ಆತುಕೊಳ್ಳಬೇಕಾದಂಥ ಸಂದಿಗಳು. ಒಂದೊಂದು ಸಂದಿಯಿಂದಲೂ ಹಸಿ ಗಾಳಿ ಬಂದು ಸೀರೆಯೊಳಗೆ ನುಗ್ಗುತ್ತದೆ. ಮಳೆ ಬೀಳುತ್ತಿದೆ ಎನ್ನುವಂತಿಲ್ಲ, ನಿಂತಿದೆ ಎನ್ನುವಂತೆಯೂ ಇಲ್ಲ.

ನಾವು ಇಳಿದುಕೊಂಡದ್ದು ಇಂಥ ಒಂದು ಮನೆಯ ಮೇಲಿನ ಅಂತಸ್ತಿನಲ್ಲಿ. ಕೆಳಗೆ ಮನೆಯ ಒಡತಿ ಮೋರಾಗ್ ಎಂಬ ವೃದ್ಧೆ ಒಬ್ಬರೇ ಇರುತ್ತಿದ್ದರು. ಮೊದಲ ಭೇಟಿಯಲ್ಲೇ ಮಳೆಗಾಗಿ ಕ್ಷಮೆ ಕೇಳಿದರು. ಆ ಊರಿನವರ ರೂಢಿ ಅದು, ಹವೆ ಕೆಟ್ಟದ್ದು ತಮ್ಮ ಮನೆತನದ ತಪ್ಪೆಂಬಂತೆ ಮಾತಾಡುತ್ತಾರೆ. ಎಲ್ಲಿಂದ ಬಂದಿರಿ, ಯಾವ ಜನ, ಮಕ್ಕಳೆಷ್ಟು ಎಂದು ಒಬ್ಬರೂ ಕೇಳಲಿಲ್ಲ. "ಬಾಯಾಗ ಮಳಿ ಬಿಟ್ಟರ ಬ್ಯಾರೆ ಮಾತ ಇಲ್ಲೇನ ಇವರಿಗೆ?" ಎಂದು ಅಕ್ಕ ಆಶ್ಚರ್ಯಪಟ್ಟಳು.

ಕೋಟೆ ದೊಡ್ಡದು, ನಿಜ. ಬಂಡೆಯ ಮೇಲೆ ಬಂಡೆಯಂತೆಯೇ ಕೂತಿದೆ. ಒಳಗೆ ಕಿರೀಟ, ತೋಪು, ಸೆರೆಮನೆ. ನಾನು ವರ್ಷಗಟ್ಟಲೆ ಬಾಯಿಪಾಠ ಹೇಳಿದ್ದನ್ನೆಲ್ಲ ಕಣ್ಣಾರೆ ನೋಡುತ್ತ ಹಿಗ್ಗಿದೆ. ಅಕ್ಕ ಸೆರೆಮನೆಯಲ್ಲಿ ನಿಂತು, "ಇವರಿಗೆ ಉಣ್ಣಾಕ ಏನ ಕೊಡತಿದ್ರು?" ಎಂದು ಕೇಳಿದಳು. ಇತಿಹಾಸ ಕಲಿಸಿದ ನಾನು ಗೋಡೆಯ ಫಲಕಗಳಲ್ಲಿ ಉತ್ತರ ಹುಡುಕತೊಡಗಿದೆ.

ತಿನಿಸಿನ ಮಾತಿಗೆ ಬಂದರೆ, ಕೋಟೆಯಿಂದ ಇಳಿಯುವ ಬೀದಿಯಲ್ಲಿ ಟ್ಯಾಬ್ಲೆಟ್ ಎಂಬ ಸಿಹಿ ಮಾರುತ್ತಾರೆ. ಹಾಲು, ಸಕ್ಕರೆ, ಬೆಣ್ಣೆ ಕಾಸಿ ತುಂಡು ಮಾಡಿದ್ದು. ಬಾಯಿಗಿಟ್ಟರೆ ಧಾರವಾಡ ಪೇಡೆಯ ಹಾಗೆ ಮರಳು ಮರಳು, ಆದರೆ ಹಾಲನ್ನು ಅಷ್ಟು ಹುರಿದಿಲ್ಲ. ಅವಶ್ಯ ತಿನ್ನಿರಿ. ಅಕ್ಕ ಕಡಲೆಯಷ್ಟು ಚಿವುಟಿ ನಾಲಿಗೆಗಿಟ್ಟು, "ಲಗೂ ಇಳಿಸಿಬಿಟ್ಟಾರ ಒಲಿಮ್ಯಾಗಿಂದ" ಎಂದು ತೀರ್ಪು ಕೊಟ್ಟಳು. ಆ ಪ್ರವಾಸದಲ್ಲಿ ಅವಳು ನಕ್ಕ ಕೊನೆಯ ದಿನ ಅದು ಎಂದು ಈಗ ಅನ್ನಿಸುತ್ತದೆ.

ಗೂಟ

ಮರುದಿನ ಊರಂಚಿನ ಬೆಟ್ಟದ ಕಡೆ ಹೊರಟವರು ನಡುವೆಯೇ ತೊಯ್ದು ತೊಪ್ಪೆಯಾದೆವು. ಊರಿಂದ ಕಟ್ಟಿ ತಂದ ರೊಟ್ಟಿ, ಶೇಂಗಾ ಹಿಂಡಿ ಕೋಣೆಯಲ್ಲಿದ್ದವು. ನನಗೆ ಹಸಿವು, ಅದಕ್ಕಿಂತ ಹೆಚ್ಚಾಗಿ ಚಳಿ. ಎದುರಿಗೆ ಒಂದು ಹಳೆಯ ಪಬ್ಬು ಕಂಡಿತು, ಕಿಟಕಿಯಲ್ಲಿ ಬೆಂಕಿಯ ಬೆಳಕು.

ಬಾಗಿಲು ತೆಗೆಯುತ್ತಲೇ ಹುರಿದ ಮಾಂಸದ, ಹೆಂಡದ ವಾಸನೆ ಬಂತು. ಅಕ್ಕ ಹೊಸ್ತಿಲಲ್ಲೇ ನಿಂತಳು.

"ನಾ ಒಲ್ಲೆ. ನೀ ಹೋಗಿ ಬಾ."

"ಈ ಮಳ್ಯಾಗ ನಿಂತ್ರ ನಾಳೆ ದವಾಖಾನಿಗೆ ಒಯ್ಯಬೇಕಾಕ್ಕೈತಿ. ಬರೇ ಚಾ ಕುಡದು ಬೆಂಕಿ ಮುಂದ ಕುಂದ್ರೂಣು ಬಾ" ಎಂದೆ. ಎರಡು ಸಲ ಅಂದೆ. ಮೂರನೆಯ ಸಲ ದನಿ ಏರಿಸಿದೆ.

ಹೊರಬಾಗಿಲಿಗೂ ಒಳಬಾಗಿಲಿಗೂ ನಡುವೆ ಪುಟ್ಟ ಪಡಸಾಲೆ ಇತ್ತು. ಗೋಡೆಗೆ ಸಾಲಾಗಿ ಗೂಟಗಳು, ಒದ್ದೆ ಕೋಟುಗಳನ್ನು ತೂಗುಹಾಕಲು. ನಾನು ನನ್ನ ಕೋಟು ನೇತುಹಾಕಿ ಒಳಗೆ ಹೋದೆ. ಅಕ್ಕ ಸ್ವಲ್ಪ ತಡವಾಗಿ ಬಂದಳು. ಕೊರಳಿಗೆ ಕೈ ಹೋಗಿದ್ದನ್ನು ಕಂಡೆ, ಆದರೆ ಸೆರಗು ಸರಿಮಾಡುತ್ತಿದ್ದಾಳೆ ಅಂದುಕೊಂಡೆ.

ಆ ಊರಿನ ಹೆಸರಾಂತ ತಿನಿಸು ಹ್ಯಾಗಿಸ್. ಕುರಿಯ ಒಳಗಿನದನ್ನೆಲ್ಲ ಕೊಚ್ಚಿ ಮಾಡುವಂಥದ್ದು. ನಮ್ಮಂಥವರಿಗಾಗಿ ಓಟ್ಸ್, ಬೇಳೆ, ಗಜ್ಜರಿ ಹಾಕಿಯೂ ಮಾಡುತ್ತಾರೆ. ಮೆಣಸಿನ ಖಾರ ಚೆನ್ನಾಗಿರುತ್ತದೆ, ಜೊತೆಗೆ ಗಡ್ಡೆಯೊಂದನ್ನು ಬೇಯಿಸಿ ಹಿಸುಕಿ ಇಟ್ಟಿರುತ್ತಾರೆ. ಅದನ್ನೂ ತಿಂದೆ, ಚಳಿಗೆಂದು ಬಿಸಿನೀರು ಬೆರೆಸಿದ ಒಂದು ಗುಟುಕು ವಿಸ್ಕಿಯನ್ನೂ ಕುಡಿದೆ. ನಮ್ಮ ಮನೆಯವರಿಗೆ ಇದು ಇಲ್ಲಿ ಓದಿಯೇ ತಿಳಿಯುತ್ತದೆ. ಅಕ್ಕ ಬೆಂಕಿಯ ಕಡೆ ಮುಖ ಮಾಡಿ ಬರಿ ಕೂತಿದ್ದಳು. ಹೊರಗೆ ಬಸ್ಸು ಬಂತೆಂದು ನಾನೇ ಅವಸರ ಮಾಡಿದೆ. ಕೋಟುಗಳ ರಾಶಿಯಿಂದ ನಮ್ಮವನ್ನು ಎಳೆದುಕೊಂಡು ಓಡಿದೆವು. ಮನೆ ಮುಟ್ಟಿದ್ದೇ ತಡ, ಇಬ್ಬರೂ ಹಾಸಿಗೆಗೆ ಬಿದ್ದೆವು.

ಬೆಳಿಗ್ಗೆ ನಾನು ಎದ್ದಾಗ ಅಕ್ಕ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಪೂಜೆಯ ವಸ್ತ್ರ ಹಾಸಿಕೊಂಡು ನೆಲದ ಮೇಲೆ ಕೂತಿದ್ದಳು. ಎಡಗೈ ಮುಂದಕ್ಕೆ ಚಾಚಿತ್ತು. ಕೈ ಖಾಲಿ ಇತ್ತು.

"ಗೂಟಕ್ಕ ಹಾಕಿದ್ನಿ" ಎಂದಳು.

ನನಗೆ ಅರ್ಥವಾಯಿತು, ಯಾಕೆಂದರೆ ಇದು ನಮ್ಮ ಮನೆತನದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ನಮ್ಮ ಕಾಕಾ ಹತ್ತಿಯ ದಲಾಲಿ ಮಾಡುತ್ತಿದ್ದವನು. ಹುಬ್ಬಳ್ಳಿಯ ಗೆಳೆಯರ ಜೊತೆ ಖಂಡ ತಿನ್ನಲು ಹೋಗುವ ದಿನ ಲಿಂಗವನ್ನು ಕೊರಳಿಂದ ತೆಗೆದು ನಡುಮನೆಯ ಗೂಟಕ್ಕೆ ಹಾಕಿ ಹೋಗುತ್ತಿದ್ದ. ತಾನು ಹೊಲಸಿಗೆ ಹೋಗಬಹುದು, ಲಿಂಗವನ್ನು ಒಯ್ಯಬಾರದು, ಅಷ್ಟು ಅವನ ನಿಯಮ. ಅವನ ತಾಯಿ, ಅಂದರೆ ನಮ್ಮ ಆಯಿ, ಗೊಣಗುತ್ತಲೇ ಆ ಗೂಟಕ್ಕೆ ವಿಭೂತಿ ಹಚ್ಚುತ್ತಿದ್ದಳು. ಜನ್ಮದಲ್ಲೇ ತಾನಾಗಿ ಲಿಂಗ ಇಳಿಸದ ಅಕ್ಕನಿಗೆ ಆ ಪಬ್ಬಿನ ಬಾಗಿಲಲ್ಲಿ, ಆ ಗೂಟಗಳ ಸಾಲು ಕಂಡಾಗ, ಆ ಕಾಕಾ ನೆನಪಾಗಿದ್ದ.

"ಆ ವಾಸನ್ಯಾಗ ಹೆಂಗ ಒಯ್ಯಲಿ? ಕೋಟಿನ ಹಿಂದ, ಯಾರಿಗೂ ಕಾಣದಂಗ ಹಾಕಿದ್ನಿ. ಬರುವಾಗ ನೀ ಗಡಿಬಿಡಿ ಮಾಡಿದಿ" ಎಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಪಬ್ಬಿನ ಬಾಗಿಲು

ಪಬ್ಬು ತೆರೆಯುವುದಕ್ಕೆ ಮುಂಚೆಯೇ ಹೋಗಿ ಮಳೆಯಲ್ಲಿ ನಿಂತೆವು. ಗೂಟಗಳು ಬರಿದಾಗಿದ್ದವು. ಕೆಂಪು ಗಡ್ಡದ ಯುವಕನೊಬ್ಬ, ಅಲ್ಲಿಯ ಉಸ್ತುವಾರಿಯವನು, ನನ್ನ ಮಾತನ್ನು ತಾಳ್ಮೆಯಿಂದ ಕೇಳಿದ. ನಾನು ಅದನ್ನು ಹೇಗೆ ವರ್ಣಿಸಲಿ? ಬಿಳಿ ಬಟ್ಟೆಯ ಚಿಕ್ಕ ಗಂಟು, ದಾರವಿದೆ, ಒಳಗೆ ಕರಿಯ ಕಲ್ಲು, ನಿಂಬೆಹಣ್ಣಿನಷ್ಟು ಎಂದೆ. ಹೇಳುತ್ತಿದ್ದಂತೆ ನನಗೇ ಅದು ಬಿಸಾಡುವ ವಸ್ತುವಿನ ಹಾಗೆ ಕೇಳಿಸಿತು.

ಅವನು ಮರೆತುಹೋದ ಸಾಮಾನಿನ ಪೆಟ್ಟಿಗೆ ತಂದು ನೆಲದ ಮೇಲೆ ಸುರಿದ. ಜೋಡಿ ತಪ್ಪಿದ ಕೈಗವಸುಗಳು, ಟೋಪಿಗಳು, ಒಂದು ಹಲ್ಲಿನ ಕಟ್ಟು. ಗಂಟು ಇರಲಿಲ್ಲ. ರಾತ್ರಿ ಕಸ ಗುಡಿಸುವವರು ಗೂಟದ ಮೇಲಿನ ಚಿಂದಿಯನ್ನು ಕಸದ ಜೊತೆ ಹಾಕಿರಬಹುದು, ಬೆಳಿಗ್ಗೆಯೇ ಗಾಡಿ ಬಂದು ಒಯ್ದಿದೆ ಎಂದ. ಆಮೇಲೆ ಬಹಳ ಮೆಲ್ಲಗೆ, ಬೆಲೆಬಾಳುವಂಥದ್ದೇ ಎಂದು ಕೇಳಿದ. ಇಲ್ಲ ಎಂದೆ. ಅವನ ಮುಖ ಹಗುರಾಯಿತು.

"ಏನ ಕೇಳಿದ?" ಅಕ್ಕ ಅಂದಳು.

"ಭಾಳ ಕಿಮ್ಮತ್ತಿಂದೇನು ಅಂತ."

"ಏನಂದಿ?"

"ಇಲ್ಲ ಅಂದ್ನಿ."

ಅಕ್ಕ ತಲೆಯಾಡಿಸಿದಳು. ಆಮೇಲೂ ಯುವಕ ಸುಮ್ಮನಿರಲಿಲ್ಲ, ತೋಳು ಮಡಚಿ, ಗಾಡಿಯವರು ಬಿಟ್ಟುಹೋಗಿದ್ದ ಹಿತ್ತಲಿನ ಎರಡು ಕಸದ ಡಬ್ಬಿಗಳನ್ನು ಕೈ ಹಾಕಿ ತಡಕಿದ. ಕೊಳೆತ ಆಲೂಗಡ್ಡೆ ಸಿಪ್ಪೆಯ ನಡುವೆ ಆ ಬಿಳಿ ಕೈಗಳು ಆಡುವುದನ್ನು ಅಕ್ಕ ನೋಡುತ್ತ ನಿಂತಿದ್ದಳು. "ಸಾಕು, ಬಿಡಂತ ಹೇಳ ಅವಗ. ಪಾಪ, ಕೈ ಮೈಲಿಗಿ ಮಾಡಕೊಂಡ" ಎಂದಳು.

ಆ ದಿನ ಅಕ್ಕ ಉಣ್ಣಲಿಲ್ಲ. ಪೂಜೆಯಾಗದೆ ಉಣ್ಣುವುದಿಲ್ಲ, ಲಿಂಗವಿಲ್ಲದೆ ಪೂಜೆಯಿಲ್ಲ. ಲೆಕ್ಕ ಅಷ್ಟು ಸರಳ. ನಾನು ರೊಟ್ಟಿ ಬಿಸಿ ಮಾಡಿದೆ, ಹಿಂಡಿಗೆ ಮೊಸರು ಕಲಸಿದೆ, ಗದರಿದೆ, ಅತ್ತೆ. ಬರಿ ನೀರು ಕುಡಿದು ಗೋಡೆಗೆ ಮುಖ ಮಾಡಿ ಮಲಗಿದಳು. ನನಗೂ ಗಂಟಲಲ್ಲಿ ಏನೂ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಇಳಿಯಿತು. ಸಂಜೆ ಕೆಳಗಿನ ಅಂಗಡಿಯಲ್ಲಿ ನಿಂತು ಸ್ಕೋನು ಎಂಬ ದಪ್ಪ ಬನ್ನು ಎರಡು ತಿಂದೆ, ಬೆಣ್ಣೆ ಹಚ್ಚಿದ್ದು.

ಸ್ಮಶಾನದ ಬೆಂಚು

ಮರುದಿನ ಕೋಣೆಯೊಳಗಿದ್ದರೆ ಹುಚ್ಚು ಹಿಡಿಯುತ್ತದೆಂದು ಅಕ್ಕನನ್ನು ಹೊರಡಿಸಿದೆ. ಅವಳು ಹೋಗಬೇಕೆಂದದ್ದು ಪಬ್ಬಿಗೇ. ಹೋದೆವು, ಗೂಟ ನೋಡಿದೆವು, ಬಂದೆವು. ಬರುವ ದಾರಿಯಲ್ಲಿ ಒಂದು ಹಳೆಯ ಚರ್ಚಿನ ಸ್ಮಶಾನವಿದೆ. ಪ್ರವಾಸಿಗರು ಅವಶ್ಯ ನೋಡುವ ಜಾಗ. ಒಡೆಯನ ಗೋರಿ ಬಿಟ್ಟು ಕದಲದ ನಾಯಿಯೊಂದರ ಕತೆ ಹೇಳುತ್ತಾರೆ. ಅಲ್ಲಿಯ ಜನ ಗೋರಿಗಳ ನಡುವೆ ಬೆಂಚಿನ ಮೇಲೆ ಕೂತು ಬುತ್ತಿ ಬಿಚ್ಚಿ ತಿನ್ನುತ್ತಾರೆ, ಮಕ್ಕಳು ಓಡಾಡುತ್ತವೆ. ನಮ್ಮಲ್ಲಿ ಸುಡುವ ಜನಕ್ಕೆ ಇದು ವಿಚಿತ್ರ ಅನ್ನಿಸಬಹುದು. ನಾವು ಹೂಳುವವರು, ಹೊಲದ ಬದುವಿನಲ್ಲೇ ಅಜ್ಜಂದಿರ ಗದ್ದುಗೆ ಇಟ್ಟುಕೊಂಡವರು. ಅಕ್ಕನಿಗೆ ಅಲ್ಲಿ ಹೆದರಿಕೆಯಾಗಲಿಲ್ಲ. ಈ ಊರಿನಲ್ಲಿ ಅವಳು ಗುರುತು ಹಿಡಿದ ಮೊದಲ ಜಾಗ ಅದೇ ಇರಬೇಕು.

ಒದ್ದೆ ಬೆಂಚಿನ ಮೇಲೆ ಪ್ಲಾಸ್ಟಿಕ್ ಹಾಸಿ ಕೂತೆವು.

"ಇವರನ್ನ ಮಲಗಿಸಿ ಹುಗೀತಾರಲ್ಲ?"

"ಹೂಂ."

"ನಮ್ಮನ್ನ ಕುಂದ್ರಸತಾರ." ಎಡಗೈಯನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡಳು. "ಎಡಗೈಯಾಗ ಲಿಂಗಾ ಇಟ್ಟು ಕುಂದ್ರಸತಾರ. ಅವರನ್ನೂ ಹಂಗ ಕುಂದ್ರಿಸಿದ್ವಿ, ನೆನಪೈತಿಲ್ಲ? ಕೈ ಮುಚ್ಚಿದ್ನಿ ನಾನ." ಭಾವನ ಮಾತು ಅದು. "ನನ್ನ ಕೈಯಾಗ ಏನಿಟ್ಟು ಕುಂದ್ರಸತೀರಿ, ಸುವ್ವಿ?"

ಎರಡು ದಿನ ಅವಳ ಹೊಟ್ಟೆಯ ಚಿಂತೆಯಲ್ಲೇ ಇದ್ದೆ ನಾನು. ಅವಳ ಚಿಂತೆ ಹೊಟ್ಟೆಯದಾಗಿರಲೇ ಇಲ್ಲ.

"ನಂದ ತಗೊ, ಅಕ್ಕಾ. ಹೆಂಗೂ ಕಪಾಟನ್ಯಾಗ ಐತಿ" ಎಂದುಬಿಟ್ಟೆ.

ನನ್ನ ಕಡೆ ತಿರುಗಿದಳು. "ಹುಚ್ಚಿ ಅದಿ ನೀ. ಒಬ್ಬಾಕಿ ಗಂಡನ್ನ ಇನ್ನೊಬ್ಬಾಕಿಗೆ ಕೊಡಾಕ ಬರತೈತೇನು?"

ಬೇರೆ ಯಾವ ದಿನವಾದರೂ ಇಬ್ಬರೂ ನಗುತ್ತಿದ್ದೆವು. ಎದುರಿಗೆ ಒಬ್ಬ ಹೆಂಗಸು ಗೋರಿಯ ಕಟ್ಟೆಯ ಮೇಲೆ ಕೂತು ಸೂಪು ಕುಡಿಯುತ್ತಿದ್ದಳು. ಅದರ ಆವಿ ನಮ್ಮ ಕಡೆಗೆ ಬರುತ್ತಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡಳು.

ಮನೆಯ ಮೆಟ್ಟಿಲು ಹತ್ತುವಾಗ ಅವಳ ಹಣೆಯಲ್ಲಿ ಬೆವರು ಕಂಡಿತು. ಆ ಚಳಿಯಲ್ಲಿ ಬೆವರೇ ಎಂದು ನಾನು ಕೇಳುವಷ್ಟರಲ್ಲಿ ತಿರುವಿನಲ್ಲಿ ಕುಸಿದು ಕೂತಳು. ಸಕ್ಕರೆ ಬೇನೆಯ ಗುಳಿಗೆಯನ್ನು ಎರಡು ದಿನವೂ ತಪ್ಪದೆ ನುಂಗಿದ್ದಳಂತೆ. ಅವಳಿಗೆ ಔಷಧ ಕೊಡುವ ಸತ್ತೂರಿನ ಡಾಕ್ಟರು ಗುಳಿಗೆ ತಪ್ಪಿಸಬಾರದು ಎಂದೂ ಹೇಳಿದ್ದರು, ಉಣ್ಣದೆ ನುಂಗಬಾರದು ಎಂದೂ ಹೇಳಿದ್ದರು. ಅಕ್ಕ ಮೊದಲನೆಯ ಮಾತು ಪಾಲಿಸಿದ್ದಳು. ನಾನು ಗಮನಿಸಿರಲಿಲ್ಲ.

ಮೋರಾಗ್ ಅವರ ಅಡುಗೆಮನೆ

ನನ್ನ ಕೂಗಿಗೆ ಮೋರಾಗ್ ಹೊರಗೆ ಬಂದರು. ಆ ಮುದುಕಿಗೆ ಅಷ್ಟು ಬಲ ಎಲ್ಲಿತ್ತೋ, ಇಬ್ಬರೂ ಸೇರಿ ಅಕ್ಕನನ್ನು ಎತ್ತಿ ಅವರ ಅಡುಗೆಮನೆಯ ಕುರ್ಚಿಗೆ ತಂದೆವು. ಅವರು ಸಕ್ಕರೆ ಕಲಸಿದ ಚಹಾ ಹಿಡಿದರು. ಅಕ್ಕ ಹಲ್ಲು ಕಚ್ಚಿ ತುಟಿ ಮುಚ್ಚಿದಳು. ಚಹಾ ಗದ್ದದ ಮೇಲೆ ಇಳಿಯಿತು. ಆಂಬುಲೆನ್ಸ್ ಕರೆಯುತ್ತೇನೆ ಎಂದು ಮೋರಾಗ್ ಫೋನಿನ ಕಡೆ ಹೋದರು. ನಾನೂ ನನ್ನ ಫೋನು ತೆಗೆದೆ. ಊರಿನಲ್ಲಿ ಆಗ ದೀಪ ಹಚ್ಚುವ ಹೊತ್ತು. ಅಮ್ಮಿನಬಾವಿಯ ನಮ್ಮ ಮಠದ ಸ್ವಾಮಿಗಳಾದ ಅಜ್ಜಾರಿಗೆ ಫೋನು ಹಚ್ಚಿದೆ. ಅವರಿಗೆ ಈಗ ಕಿವಿ ಮಂದ, ಸಿಟ್ಟು ಮಾತ್ರ ಚುರುಕು. ಒದರಿ ಒದರಿ ಎಲ್ಲ ಹೇಳಿದೆ.

"ಆಕಿ ಕಿವಿಗೆ ಹಿಡಿ" ಎಂದರು. ಹಿಡಿದೆ. ದನಿ ಅಡುಗೆಮನೆಗೆಲ್ಲ ಕೇಳುತ್ತಿತ್ತು.

"ಶಾಂತವ್ವಾ."

"ಹೂಂನ್ರಿ, ಅಜ್ಜಾರ."

"ನಿನ್ನ ಎಡಗೈ ಐತಿಲ್ಲ?"

"ಐತ್ರಿ."

"ಇಷ್ಟ ವರ್ಷ ಲಿಂಗಾ ಎಲ್ಲೆ ಕುಂತಿತ್ತು? ಆ ಕೈಯಾಗ ಕುಂತಿತ್ತು. ಅದಕ್ಕ ನೀರ ಹಾಕು, ಈಬತ್ತಿ ಹಚ್ಚು, ಪೂಜಿ ಮುಗಿಸಿ ಉಣ್ಣು. ಊರಿಗೆ ಬಾ, ಹೊಸಾದು ಕಟ್ಟತೇನಿ."

"ತಪ್ಪು ನಂದ್ರಿ. ನಾನ ಗೂಟಕ್ಕ ಹಾಕಿದ್ನಿ."

"ಹಾಕಿದಿ. ಈಗ ಜೀವಾನೂ ಗೂಟಕ್ಕ ಹಾಕತಿಯೇನು? ಸಿಟ್ಟಿಲೆ ಹೊಟ್ಟಿ ಕಟ್ಟಿದ್ರ ಅದು ಪೂಜಿ ಅಲ್ಲ, ಹಟಾ. ಏಳು."

ಫೋನು ಇಟ್ಟರು. ಅಕ್ಕ ನೀರು ಕೇಳಿದಳು. ಮೋರಾಗ್ ಅವರ ಅಡುಗೆಮನೆಯ ಕುರ್ಚಿಯಲ್ಲೇ, ನೆಲಕ್ಕಿಳಿಯಲು ಶಕ್ತಿಯಿಲ್ಲದೆ, ಎಡಗೈ ಚಾಚಿದಳು. ಬರಿಯ ಅಂಗೈಗೆ ಹನಿ ಹನಿಯಾಗಿ ನೀರು ಹಾಕಿದಳು. ನಾನು ಮೇಲಿಂದ ವಿಭೂತಿ ತಂದುಕೊಟ್ಟೆ. ಮೂರು ಬೆರಳಿನಿಂದ ಅಂಗೈಯ ನಡುವೆ ಎಳೆದಳು. ಅದರ ಕಡೆ ನೋಡಿದಳು, ಬಹಳ ಹೊತ್ತಲ್ಲ, ದಿನಾ ನೋಡುವಷ್ಟು. ಆಮೇಲೆ ಚಹಾ ಕುಡಿದಳು. ಮೋರಾಗ್ ಚೆಲ್ಲಿದ ಚಹಾ ಒರೆಸಿದರು. ಫೋನಿನಲ್ಲಿ ಮೆಲ್ಲಗೆ, ಈಗ ಬೇಡ ಎಂದು ಹೇಳಿ, ಒಲೆಯ ಕಡೆ ತಿರುಗಿದರು.

ಆ ಊರಿನಲ್ಲಿ ಏನು ತಿನ್ನಬೇಕು ಎಂದು ಕೇಳಿದವರಿಗೆ ನಾನು ಓಟ್ಸ್ ಗಂಜಿ ಎನ್ನುವುದು ಅದಕ್ಕೆ. ಹೋಟೆಲಿನವರು ಜೇನು, ಹಣ್ಣು ಹಾಕಿ ಕೆಡಿಸುತ್ತಾರೆ. ಹಳಬರು ನೀರು, ಉಪ್ಪು ಇಷ್ಟೇ ಹಾಕಿ, ಕೈಬಿಡದೆ ಕದಡಿ, ಪಕ್ಕದಲ್ಲಿ ತಣ್ಣನೆಯ ಹಾಲಿನ ಬಟ್ಟಲು ಇಡುತ್ತಾರೆ. ಚಮಚದಲ್ಲಿ ಬಿಸಿ ಗಂಜಿ ಎತ್ತಿ ಹಾಲಿನಲ್ಲಿ ಅದ್ದಿ ಉಣ್ಣಬೇಕು. ನಮ್ಮ ಜೋಳದ ನುಚ್ಚು ಮಜ್ಜಿಗೆಯ ಹಾಗೆಯೇ. ಅಕ್ಕ ಒಂದು ಬಟ್ಟಲು ಉಂಡಳು, ಮತ್ತೊಂದು ಅರ್ಧ ಹಾಕಿಸಿಕೊಂಡಳು. "ಉಪ್ಪ ಛಲೋ ಬಿದ್ದೈತಿ ಅಂತ ಹೇಳ ಆಕೀಗೆ" ಎಂದಳು. ಹೇಳಿದೆ. ಮೋರಾಗ್ ಮಳೆಗಾಗಿ ಮತ್ತೊಮ್ಮೆ ಕ್ಷಮೆ ಕೇಳಿದರು.

ಕೊನೆಯ ದಿನಗಳು

ಉಳಿದ ದಿನಗಳಲ್ಲಿ ಅರಮನೆ, ಚಿತ್ರಶಾಲೆ, ಸಮುದ್ರದ ದಂಡೆ ನೋಡಬೇಕಿತ್ತು. ಯಾವುದನ್ನೂ ನೋಡಲಿಲ್ಲ. ಅಕ್ಕ ಬೆಳಿಗ್ಗೆ ಬರಿಗೈ ಪೂಜೆ ಮಾಡಿ ಉಣ್ಣುತ್ತಿದ್ದಳು, ಆಮೇಲೆ ಇಬ್ಬರೂ ಪಬ್ಬಿನ ಪಡಸಾಲೆಗೆ ಹೋಗಿ ಗೂಟ ನೋಡಿ ಬರುತ್ತಿದ್ದೆವು. ಎಡಿನ್‌ಬರೋ ಎಂದರೆ ನನಗೆ ಈಗ ಆ ಒಂದು ದಾರಿ. ಔಷಧದ ಅಂಗಡಿ, ಕುಂಟು ದೀಪದ ಕಂಬ, ಉಣ್ಣೆಯ ಅಂಗಡಿ, ಇಳಿಜಾರು, ಬಾಗಿಲು. ಕೆಂಪು ಗಡ್ಡದ ಯುವಕ ನಮ್ಮನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದ, ಇಲ್ಲವೆಂದು. ಅವನ ಮುಖದಲ್ಲಿ ಬೇಸರ ಕಾಣಲಿಲ್ಲ. ಒಂದು ದಿನ ಬಾಗಿಲಿಗೇ ಬಂದು ಎರಡು ಕಪ್ಪು ಚಹಾ ಕೊಟ್ಟ. ಅಕ್ಕ ಒಳಗೆ ಹೋಗದೆ, ಪಡಸಾಲೆಯಲ್ಲೇ ನಿಂತು ಕುಡಿದಳು.

ಹೊರಡುವ ದಿನ ಅವಳು ಆ ಗೂಟದ ಮುಂದೆ ನಿಂತು ಹಣೆಯ ವಿಭೂತಿಯನ್ನು ಬೆರಳಿಂದ ಒರೆಸಿ ಅದಕ್ಕೆ ಹಚ್ಚಿದಳು. ನಮ್ಮ ಆಯಿ ಹಚ್ಚುತ್ತಿದ್ದ ಹಾಗೆಯೇ. ಒದ್ದೆ ಕೋಟು ಹಿಡಿದು ಒಳಬಂದ ಗಂಡಸೊಬ್ಬ ಅವಳು ಸರಿಯುವ ತನಕ ಕಾದು ನಿಂತು, ಆಮೇಲೆ ಅದೇ ಗೂಟಕ್ಕೆ ಕೋಟು ನೇತುಹಾಕಿ ಒಳಗೆ ಹೋದ.

ಗೋಪನಕೊಪ್ಪ

ಊರಿಗೆ ಬಂದ ವಾರದಲ್ಲೇ ಅಜ್ಜಾರು ಹೊಸ ಲಿಂಗ ಕಟ್ಟಿದರು. ಅದು ಹಳೆಯ ಬೆಳ್ಳಿಯ ಕರಡಿಗೆಯಲ್ಲಿ ಕೂತಿದೆ. ಪೂಜೆ ನಡೆಯುತ್ತದೆ, ಊಟ ನಡೆಯುತ್ತದೆ, ಎಮ್ಮೆ ಹಿಂಡುವುದು ನಡೆಯುತ್ತದೆ. ಹೇಗಿದ್ದೀಯೆಂದು ಕೇಳಿದರೆ, "ಛಲೋ ಅದೇನಿ. ಇದಿನ್ನಾ ನನ್ನ ಕೈ ಹಿಡದಿಲ್ಲ" ಎನ್ನುತ್ತಾಳೆ. ಹೊಸ ಎತ್ತಿನ ಬಗ್ಗೆ ಹೇಳಿದ ಹಾಗೆ ಹೇಳುತ್ತಾಳೆ. ಆದರೆ ಅವಳ ವಯಸ್ಸಿನಲ್ಲಿ ಇನ್ನೊಂದು ಕೈ ಹಿಡಿಯಲು ಎಷ್ಟು ಕಾಲ ಇದೆಯೋ ಇಬ್ಬರಿಗೂ ಗೊತ್ತಿಲ್ಲ. ನಾನು ಮಾತು ಮರೆಸುತ್ತೇನೆ. ನನ್ನ ಲಿಂಗವನ್ನು ಕಪಾಟಿನಿಂದ ತೆಗೆದು ಕೊರಳಿಗೆ ಹಾಕಿಕೊಂಡೆ ಎಂದು ಬರೆದರೆ ಓದುವವರಿಗೆ ಸಂತೋಷವಾದೀತು. ಹಾಕಿಕೊಂಡಿಲ್ಲ. ಕಪಾಟಿನ ಬಾಗಿಲನ್ನು ಮಾತ್ರ ಈಗ ದಿನಾ ತೆಗೆಯುತ್ತೇನೆ.

ಸಂಜೆ ಅಕ್ಕ ಫೋನು ಮಾಡುತ್ತಾಳೆ. ನನ್ನ ಮೊಬೈಲಿನಲ್ಲಿ ಬೇರೆ ಊರುಗಳ ಹವೆಯೂ ಕಾಣುತ್ತದೆಂದು ಅವಳಿಗೆ ಗೊತ್ತು. ಮೊದಲು ನಮ್ಮ ಮನೆಯವರ ಮೊಣಕಾಲು ವಿಚಾರಿಸುತ್ತಾಳೆ, ಆಮೇಲೆ ಜೋಳದ ಸುದ್ದಿ, ಕೊನೆಗೆ ದನಿ ತಗ್ಗಿಸಿ ಅದೊಂದು ಮಾತು.

"ಅಲ್ಲೆ ಇವತ್ತ ಹೆಂಗೈತಿ? ಅದರ ಮ್ಯಾಲಿನ ಬಟ್ಟಿ ತೆಳ್ಳಗ ಐತಿ ಸುವ್ವಿ, ಒಂದ ಸುತ್ತ ಸುತ್ತಿದ್ನಿ. ಮಳಿ ಐತೇನು?"

ನಿನ್ನೆಯೂ ಕೇಳಿದಳು. ಮೊಬೈಲು ತೆಗೆದು ನೋಡಿದೆ. ಮಳೆ, ಗಾಳಿ, ಸಂಜೆಯ ಮೇಲೆ ಹಿಮ ಎಂದಿತ್ತು.

"ಇಲ್ಲಕ್ಕಾ, ಬಿಸಿಲ ಬಿದ್ದೈತಿ" ಎಂದೆ.